ಆಕಾಶದ ಸುದ್ದಿ ಹಳ್ಳಿಯ ಚಾವಡಿಗೆ ಬಂದ ಬಗೆ

ಕಮಲಾಪುರದ ಕಡೆಯ ಒಂದು ಹಳ್ಳಿ. ಶ್ರಾವಣ ಕಳೆಯುವ ಹೊತ್ತು. ಹೆಸರು ಕಿತ್ತು ಕಣಕ್ಕೆ ಹಾಕಿದ್ದರು, ಬೆಳಗಾದರೆ ರಾಶಿ. ರಾತ್ರಿ ಎರಡನೆಯ ಜಾವಕ್ಕೆ ಮಳೆ ಹಿಡಿಯಿತು. ಬೆಳಗ್ಗೆ ನಾನು ಹೋದಾಗ ಕಾಳು ಕಾಯಿಯೊಳಗೇ ಮೊಳಕೆಯೊಡೆಯುವ ಹಾಗೆ ನೆನೆದು ಕೂತಿತ್ತು. ಮನೆಯ ಹಿರಿಯರು ಸಿಟ್ಟು ಮಾಡಲಿಲ್ಲ. ಒಂದೇ ಮಾತು ಕೇಳಿದರು: "ಸಾಹೇಬ್ರ, ನಿಮ್ಮ ಫೋನಿಗಿ ಮಳಿ ಸುದ್ದಿ ನಿನ್ನಿ ಸಂಜೀಕೇ ಬಂದಿತ್ತಂತಲ್ಲ. ನಮಗ್ಯಾಕ ಬರ್ಲಿಲ್ಲ?"

ಅವರ ಹಳೆಯ ನಂಬರು ಯಾವುದೋ ಪಟ್ಟಿಯಲ್ಲಿ ಉಳಿದುಕೊಂಡಿತ್ತು. ಸುದ್ದಿ ಹೋದದ್ದು ಆ ಸತ್ತ ನಂಬರಿಗೆ. ನನ್ನ ಹತ್ತಿರ ಉತ್ತರವಿರಲಿಲ್ಲ, "ಮುತ್ಯಾ, ತಪ್ಪಾಗ್ಯದ" ಎಂದು ಹೇಳಿ ತಾಡಪತ್ರಿ ಎತ್ತಲು ಕೈಜೋಡಿಸಿದೆ. ಆ ಪ್ರಶ್ನೆ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಮಳೆಯ ಸುದ್ದಿ ಆಕಾಶದಲ್ಲಿ ಇದೆ, ಪುಣೆಯಲ್ಲಿ ಇದೆ, ಬೆಂಗಳೂರಿನಲ್ಲಿ ಇದೆ. ಕಣದ ತನಕ ಬರುವ ಕಡೆಯ ಎರಡು ಮೈಲಿಯಲ್ಲಿ ಅದು ಎಲ್ಲಿ ತಪ್ಪಿಸಿಕೊಳ್ಳುತ್ತದೆ? ಈ ಪ್ರಶ್ನೆಗೆ ಒಂದು ಇತಿಹಾಸವೇ ಉಂಟು. ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮದೇ ಜಿಲ್ಲೆಯಲ್ಲಿ. ಅದನ್ನೇ ಈ ಹೊತ್ತು ಹೇಳುತ್ತೇನೆ.

ಮೊದಲು ರೇಡಿಯೋದ ಮಾತು. ಭಾರತದ ಹವಾಮಾನ ಇಲಾಖೆ 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನದ ವಿಭಾಗವನ್ನು ತೆರೆಯಿತು. 1945ರಿಂದ ರೈತರಿಗಾಗಿಯೇ ಹವಾ ವರದಿ ಆಕಾಶವಾಣಿಯಲ್ಲಿ ಬರತೊಡಗಿತು. ಆದರೆ ಆಗ ಹಳ್ಳಿಯಲ್ಲಿ ರೇಡಿಯೋ ಎಲ್ಲಿತ್ತು? ಊರಿಗೊಂದು ಪೆಟ್ಟಿಗೆ, ಅದೂ ಎಲ್ಲ ಊರಿಗಲ್ಲ, ಚಾವಡಿಯಲ್ಲಿ. ಅದರ ಬೀಗದ ಕೈ ಯಾರ ಸೊಂಟದಲ್ಲಿ ಇರುತ್ತಿತ್ತೋ ಅವರು ಬಂದ ಮೇಲೆ ಸುದ್ದಿ. 1956ರಲ್ಲಿ ಪುಣೆಯ ಸುತ್ತಲ ಐದು ಜಿಲ್ಲೆಗಳಲ್ಲಿ ರೇಡಿಯೋ ಗ್ರಾಮ ವೇದಿಕೆಗಳನ್ನು ಕಟ್ಟಿ ನೋಡಿದರು. ಜನ ಗುಂಪಾಗಿ ಕೂತು ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ಸಂದೇಹವಿದ್ದರೆ ಕಾಗದ ಬರೆಯುವುದು. 1959ರಲ್ಲಿ ಆ ಪದ್ಧತಿ ದೇಶಕ್ಕೆಲ್ಲ ಹರಡಿತು. ನಮ್ಮ ಕಲಬುರಗಿಗೆ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ. ಅಷ್ಟರಲ್ಲಿ ಟ್ರಾನ್ಸಿಸ್ಟರು ಬಂದು ರೇಡಿಯೋ ಚಾವಡಿಯಿಂದ ಹೆಗಲಿಗೆ ಏರಿತ್ತು. ಎತ್ತಿನ ಕೊರಳ ಗೆಜ್ಜೆಯ ಜೊತೆಗೆ ರೇಡಿಯೋ ಹಾಡೂ ಹೊಲಕ್ಕೆ ಹೋಯಿತು.

ಇನ್ನು ಆಕಾಶದ ಮಾತಿಗೆ ಬರೋಣ.

ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, ಭೂಮಧ್ಯರೇಖೆಯ ನೇರಕ್ಕೆ, ಒಂದು ಉಪಗ್ರಹವನ್ನು ಇಟ್ಟರೆ ಅದು ಭೂಮಿ ತಿರುಗುವ ವೇಗದಲ್ಲೇ ತಾನೂ ತಿರುಗುತ್ತದೆ. ನಮ್ಮ ಕಣ್ಣಿಗೆ ಅದು ಮೇಟಿಗೆ ಕಟ್ಟಿದ ಎತ್ತು ಇದ್ದ ಹಾಗೆ: ಸುತ್ತುತ್ತಲೇ ಇದ್ದರೂ ಜಾಗ ಬಿಟ್ಟು ಹೋಗುವುದಿಲ್ಲ. ಅಲ್ಲಿಂದ ಒಂದು ಮಾತು ಆಡಿದರೆ ಗುಡ್ಡ, ಕೊಳ್ಳ, ಕಾಡು ಯಾವುದೂ ಅಡ್ಡ ಬಾರದೆ ಅರ್ಧ ದೇಶಕ್ಕೆ ಒಮ್ಮೆಗೇ ಕೇಳುತ್ತದೆ. ಊರಿಂದೂರಿಗೆ ಕಂಬ ನೆಟ್ಟು ತಂತಿ ಎಳೆಯುವ ಕೆಲಸವಿಲ್ಲ. ಬಡ ದೇಶಕ್ಕೇ ಇದು ಹೆಚ್ಚು ಬೇಕಾದದ್ದು ಎಂದು ವಿಕ್ರಂ ಸಾರಾಭಾಯಿಯವರು ಹಟ ಹಿಡಿದು ವಾದಿಸಿದರು. 1969ರಲ್ಲಿ ನಮ್ಮ ದೇಶವೂ ಅಮೆರಿಕದ ನಾಸಾ ಸಂಸ್ಥೆಯೂ ಒಪ್ಪಂದ ಮಾಡಿಕೊಂಡವು. ಉಪಗ್ರಹ ಅವರದು, ಒಂದು ವರ್ಷದ ಮಟ್ಟಿಗೆ ಕಡ. ಕಾರ್ಯಕ್ರಮ, ಭೂಕೇಂದ್ರ, ಹಳ್ಳಿಯ ಪೆಟ್ಟಿಗೆ ಎಲ್ಲ ನಮ್ಮದು. ಸಾರಾಭಾಯಿಯವರು 1971ರ ಡಿಸೆಂಬರಿನಲ್ಲೇ ತೀರಿಕೊಂಡರು, ತಾವು ಬಿತ್ತಿದ್ದರ ಫಲ ನೋಡಲಿಲ್ಲ.

ಆ ಉಪಗ್ರಹದ ಹೆಸರು ಏಟಿಎಸ್-6. 1974ರ ಮೇ 30ರಂದು ಹಾರಿತು. ಮರುವರ್ಷ ಅದನ್ನು ಸರಿಸಿ ಪೂರ್ವ ಆಫ್ರಿಕದ ನೆತ್ತಿಯ ಮೇಲೆ ತಂದು ನಿಲ್ಲಿಸಿದರು. 1975ರ ಆಗಸ್ಟ್ 1ರಂದು ಪ್ರಸಾರ ಶುರುವಾಯಿತು. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ಅದಕ್ಕೆ 'ಸೈಟ್' ಎಂದು ಕರೆದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಯಾವುವು ಗೊತ್ತೇ? ಗುಲ್ಬರ್ಗಾ, ರಾಯಚೂರು, ಬಿಜಾಪುರ. ಬೆಂಗಳೂರಲ್ಲ, ಮೈಸೂರಲ್ಲ! ಮಳೆ ಕಡಿಮೆ, ಶಾಲೆ ಕಡಿಮೆ, ರಸ್ತೆ ಕಡಿಮೆ ಇರುವ ಕಡೆಯೇ ಮೊದಲು ಆಗಲಿ ಎಂಬ ಲೆಕ್ಕ. ಹಿಂದುಳಿದವರೆಂದು ನಮ್ಮನ್ನು ಹೆಸರಿಸಿದ್ದು ಒಮ್ಮೆಯಾದರೂ ನಮಗೆ ಲಾಭವಾಯಿತು.

ಈಗ ಗ್ರಾಹಕ ಪೆಟ್ಟಿಗೆಯ ಸಂಗತಿ. ನನಗೆ ಇಡೀ ಕಥೆಯಲ್ಲಿ ಹೆಚ್ಚು ರುಚಿಸುವ ಭಾಗ ಇದೇ. ಉಪಗ್ರಹದಿಂದ ಬರುವ ಅಲೆ ಬಹಳ ಕ್ಷೀಣ. ಅದನ್ನು ಹಿಡಿಯಲು ದೊಡ್ಡ ದೊಡ್ಡ ಭೂಕೇಂದ್ರಗಳೇ ಬೇಕೆಂದು ಅದುವರೆಗೆ ಲೋಕವೆಲ್ಲ ನಂಬಿತ್ತು. ಹಳ್ಳಿಗೆ ಅಂಥ ಕೇಂದ್ರ ಕೊಡಲು ಯಾರ ಹತ್ತಿರ ದುಡ್ಡಿದೆ? ಉಪಾಯ ಎರಡು ಕಡೆಯಿಂದ ಬಂತು. ಒಂದು, ಮೇಲಿನವನ ದನಿ ಎತ್ತರಿಸಿದರು. ಆ ಉಪಗ್ರಹದಲ್ಲಿ 30 ಅಡಿ ಅಗಲದ, ಛತ್ರಿಯಂತೆ ಮಡಚಿ ಒಯ್ದು ಆಕಾಶದಲ್ಲಿ ಬಿಚ್ಚುವ ಆಂಟೆನಾ ಇತ್ತು. ಎರಡು, ಕೆಳಗಿನವನ ಕಿವಿಯನ್ನು ಅಗ್ಗ ಮಾಡಿದರು. ಅಹಮದಾಬಾದಿನ ನಮ್ಮ ಎಂಜಿನಿಯರುಗಳು ಕೋಳಿಗೂಡಿಗೆ ಹೊದಿಸುವಂಥ ಜಾಲರಿಯಿಂದ ಸುಮಾರು 10 ಅಡಿ ಅಗಲದ ತಟ್ಟೆ ಮಾಡಿದರು. ಹೌದು, ಕೋಳಿ ಜಾಲರಿ.

ತೂತಿನ ಜಾಲರಿ ಅಲೆಯನ್ನು ಹೇಗೆ ಹಿಡಿಯುತ್ತದೆ ಎಂದು ಕೇಳುವಿರಿ. ಬೆಳಕಿಗೆ ತೂತು ದೊಡ್ಡ ಬಾಗಿಲು. ಆದರೆ ಈ ಪ್ರಸಾರದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರು, ಅಂದರೆ ಮುಕ್ಕಾಲು ಮೊಳ. ಅಷ್ಟುದ್ದದ ಅಲೆಗೆ ಒಂದಂಗುಲದ ತೂತು ಕಾಣಿಸುವುದೇ ಇಲ್ಲ, ಗೋಡೆಗೆ ಬಡಿದಂತೆ ಬಡಿದು ತಿರುಗಿ ನಡುವಿನ ಕಡ್ಡಿಯ ಮೇಲೆ ಬೀಳುತ್ತದೆ. ಜಾಲರಿಯಾದ್ದರಿಂದ ತೂಕ ಕಡಿಮೆ, ಬೆಲೆ ಕಡಿಮೆ. ಇನ್ನೊಂದು ಲಾಭವುಂಟು: ನಮ್ಮ ಬಯಲಿನ ಗಾಳಿ ಅದರೊಳಗೆ ಹಾಯ್ದು ಹೋಗುತ್ತದೆ. ಗಟ್ಟಿ ತಗಡಿನ ತಟ್ಟೆಯಾಗಿದ್ದರೆ ಮೊದಲ ಮಿರಗದ ಗಾಳಿಗೇ ಗುಡಿಯ ಹಿಂದೆ ಹೋಗಿ ಬಿದ್ದಿರುತ್ತಿತ್ತು. ಟೀವಿ ಪೆಟ್ಟಿಗೆಗಳನ್ನು ಹೈದರಾಬಾದಿನ ಇಸಿಐಎಲ್ ಕಾರ್ಖಾನೆ ಮಾಡಿತು. ಧೂಳು, ಸೆಕೆ, ಏರಿ ಇಳಿಯುವ ವಿದ್ಯುತ್ತು, ಇವನ್ನು ತಾಳುವಂತೆ ಮಾಡಬೇಕಿತ್ತು.

ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ಸುದ್ದಿ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲವೂ ಇತ್ತು. ಕನ್ನಡದ ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನಲ್ಲಿ. ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟೆಯ ಮುಂದೋ ಜನ ಚಾಪೆ ಹಾಸಿಕೊಂಡು ಕೂಡುತ್ತಿದ್ದರು. ಅಕ್ಷರ ಬಾರದವರಿಗೂ ಹೆಂಗಸರಿಗೂ ಅದರಿಂದ ಹೆಚ್ಚು ತಿಳಿವಳಿಕೆಯಾಯಿತೆಂದು ಆಮೇಲೆ ನಡೆದ ಅಧ್ಯಯನಗಳು ಹೇಳಿದವು. ಬೇಸಾಯದ ವಿಷಯದಲ್ಲಿ ಅಷ್ಟು ಫಲ ಕಾಣಲಿಲ್ಲ. ಅದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಬಹುಪಾಲು ಕಾರ್ಯಕ್ರಮ ಮೊದಲೇ ತಯಾರಿಸಿ ಇಟ್ಟದ್ದು. ನೀರಾವರಿಯ ಬೆಳೆಯ ಪಾಠವನ್ನು ಎರೆಹೊಲದ ಒಣಬೇಸಾಯದವನ ಮುಂದೆ ಹಾಕಿದರೆ ಅವನು ನೋಡುತ್ತಾನೆ, ತಲೆದೂಗುತ್ತಾನೆ, ಮನೆಗೆ ಹೋಗುತ್ತಾನೆ. ಅವನಿಗೆ ಬೇಕಾದದ್ದು ನಾಳೆ ಎಡೆ ಹೊಡೆಯಲೇ ಬೇಡವೇ ಎಂಬ ಒಂದು ಮಾತು.

1976ರ ಜುಲೈ 31. ಕಡದ ಗಡುವು ಮುಗಿಯಿತು. ಪ್ರಸಾರ ನಿಂತಿತು, ಉಪಗ್ರಹವನ್ನು ತಿರುಗಿ ಪಡುವಲಿಗೆ ಸರಿಸಿದರು. ನಮ್ಮ ಹಳ್ಳಿಗಳಲ್ಲಿ ತಟ್ಟೆ ಆಕಾಶ ನೋಡುತ್ತ ನಿಂತೇ ಇತ್ತು, ಪೆಟ್ಟಿಗೆ ಇತ್ತು, ಜನ ಇದ್ದರು. ಮಾತಾಡುವವನೇ ಇರಲಿಲ್ಲ. ಕೆಲವು ಊರುಗಳಿಗಾದರೂ ಟೀವಿ ಉಳಿಯಲೆಂದು 1977ರಲ್ಲಿ ಕಲಬುರಗಿಯಲ್ಲೇ ನೆಲದ ಮೇಲಿನ ದೂರದರ್ಶನ ಕೇಂದ್ರವನ್ನು ತೆರೆದರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ರಾಜಧಾನಿಯವರಿಗಿಂತ ನಾಲ್ಕು ವರ್ಷ ಮೊದಲೇ ನಮ್ಮಲ್ಲಿ ಟೀವಿ ಇತ್ತು ಎಂದು ಹೇಳಿದರೆ ಈಗಿನ ಹುಡುಗರು ನಂಬುವುದಿಲ್ಲ. ನಂಬದಿದ್ದರೆ ಊರಿನ ಅಜ್ಜಂದಿರನ್ನು ಕೇಳಲಿ.

ಅದೇ 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯ ಮೇಲೆ ಚಂಡಮಾರುತ ಬಿತ್ತು. ಸಮುದ್ರವೇ ಎದ್ದು ಊರೊಳಗೆ ಬಂತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹವಾಮಾನದವರಿಗೆ ಸುಳಿಗಾಳಿಯ ಸುದ್ದಿ ಇರಲಿಲ್ಲವೆಂದಲ್ಲ, ಎಚ್ಚರಿಕೆ ಹೊರಟಿತ್ತು. ಗಾಳಿ ಮೊದಲು ಬೀಳಿಸುವುದು ತಂತಿಯ ಕಂಬಗಳನ್ನೇ. ಕಡೆಯ ಊರಿಗೆ ಯಾರು ಹೋಗಿ ಹೇಳುವುದು?

ನಮ್ಮದೇ ಉಪಗ್ರಹ ಬೇಕೆಂಬುದು ಎಲ್ಲರಿಗೂ ಮನದಟ್ಟಾಗಿತ್ತು. ಒಂದೇ ಉಪಗ್ರಹ ಟೀವಿಯನ್ನೂ ಕಳಿಸಬೇಕು, ದೂರವಾಣಿಯನ್ನೂ ಸಾಗಿಸಬೇಕು, ಮೋಡದ ಚಿತ್ರವನ್ನೂ ತೆಗೆಯಬೇಕು. ಹೀಗೆ ಇನ್ಸಾಟ್ ಹುಟ್ಟಿತು. ಮೊದಲ ಇನ್ಸಾಟ್-1ಎ 1982ರ ಏಪ್ರಿಲಿನಲ್ಲಿ ಹಾರಿ ಸೆಪ್ಟೆಂಬರಿನಲ್ಲೇ ಕೆಟ್ಟುಹೋಯಿತು. 1983ರ ಆಗಸ್ಟಿನಲ್ಲಿ ಹೋದ ಇನ್ಸಾಟ್-1ಬಿ ಬಾಳಿತು. ಅದರ ಮೇಲೆ ನಂಬಿಕೆಯಿಟ್ಟು 1980ರ ದಶಕದ ನಡುವೆ ಹವಾಮಾನ ಇಲಾಖೆ ಒಂದು ಹೊಸ ಏರ್ಪಾಡು ಮಾಡಿತು. ನಮ್ಮ ಮುತ್ಯಾನ ಪ್ರಶ್ನೆಗೆ ಅದೇ ಮೊದಲ ಸರಿಯಾದ ಉತ್ತರ ಎಂದು ನನ್ನ ಅಭಿಪ್ರಾಯ. ಮೊದಲು ತಮಿಳುನಾಡು, ಆಂಧ್ರದ ಕರಾವಳಿಯಲ್ಲಿ, ಆಮೇಲೆ ಉಳಿದ ಕರಾವಳಿಯಲ್ಲೂ, ಉಪಗ್ರಹದಿಂದ ನೇರವಾಗಿ ಕೇಳುವ ಗ್ರಾಹಕ ಪೆಟ್ಟಿಗೆಗಳನ್ನು ಇಟ್ಟರು. ಪ್ರತಿ ಪೆಟ್ಟಿಗೆಗೂ ಒಂದು ಗುರುತಿನ ಸಂಖ್ಯೆ. ಮದರಾಸಿನಲ್ಲಿ ಕೂತ ಹವಾಮಾನ ಅಧಿಕಾರಿ ಅಪಾಯವಿರುವ ತಾಲೂಕುಗಳ ಪೆಟ್ಟಿಗೆಗಳನ್ನಷ್ಟೇ ಕರೆಯುತ್ತಾನೆ. ಮೊದಲು ಸೈರನ್ ಕೂಗಿ ಮಲಗಿದವರನ್ನು ಎಬ್ಬಿಸುತ್ತದೆ, ಆಮೇಲೆ ಅಲ್ಲಿಯ ಭಾಷೆಯಲ್ಲೇ ಎಚ್ಚರಿಕೆಯ ಮಾತು ಬರುತ್ತದೆ. ನಡುವೆ ತಂತಿಯಿಲ್ಲ, ಕಂಬವಿಲ್ಲ, ಬೀಗದ ಕೈಯ ಯಜಮಾನನಿಲ್ಲ.

1990ರ ಮೇ 9ರಂದು ಅದೇ ಕೃಷ್ಣಾ ನದಿಯ ಮುಖದ ಹತ್ತಿರ ಅಂಥದೇ ಭಾರಿ ಚಂಡಮಾರುತ ಬಿತ್ತು. ಈ ಸಲ ಎಚ್ಚರಿಕೆ ಮೊದಲೇ ಮುಟ್ಟಿತು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಮುಂಚೆಯೇ ಸಾಗಿಸಿದರು. ಸತ್ತವರು ಸುಮಾರು ಒಂದು ಸಾವಿರ. ಸಾವಿರವೆಂಬುದು ಸಣ್ಣ ಸಂಖ್ಯೆಯಲ್ಲ, ಆದರೆ ಹದಿಮೂರು ವರ್ಷದ ಹಿಂದಿನ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಿ.

ಹೊರದೇಶದಲ್ಲೂ ಇದೇ ದಾರಿ ಹಿಡಿದವರುಂಟು. ಅಮೆರಿಕದ ಹವಾಮಾನ ಸೇವೆ 'ಎಮ್ವಿನ್' ಎಂಬ ಹೆಸರಿನಲ್ಲಿ ತನ್ನ ಹವಾ ಉಪಗ್ರಹಗಳ ಮೂಲಕ ತುರ್ತು ಎಚ್ಚರಿಕೆಗಳನ್ನು ಸದಾ ಹರಿಯಬಿಡುತ್ತದೆ. ಸಣ್ಣ ತಟ್ಟೆ, ಒಂದು ಕಂಪ್ಯೂಟರು ಇದ್ದವರು ಯಾರಾದರೂ ಹಿಡಿದುಕೊಳ್ಳಬಹುದು, ಶುಲ್ಕವಿಲ್ಲ. ಪೆಸಿಫಿಕ್ ಸಾಗರದ ನಡುವಿನ ದ್ವೀಪದವರಿಗೆ ಅದು ಬಹಳ ಒದಗಿದೆ. ಆ ದೇಶದ್ದೇ ನೋವಾ ಉಪಗ್ರಹಗಳು ತಮ್ಮ ಮೋಡದ ಚಿತ್ರವನ್ನು ಎಷ್ಟು ಸರಳವಾಗಿ ಬಿಡುತ್ತಿದ್ದವೆಂದರೆ, ಎರಡು ಕಡ್ಡಿಯ ಆಂಟೆನಾ ಕಟ್ಟಿ ಕಾಲೇಜು ಹುಡುಗರೂ ಹಿಡಿಯುತ್ತಿದ್ದರು. ಆ ಹಳೆಯ ಉಪಗ್ರಹಗಳಲ್ಲಿ ಉಳಿದಿದ್ದ ಕಡೆಯ ಮೂರನ್ನು 2025ರಲ್ಲಿ ನಿಲ್ಲಿಸಿಬಿಟ್ಟರು.

ಇಲ್ಲಿ ಒಂದು ಎಚ್ಚರಿಕೆಯ ಕಥೆಯೂ ಇದೆ. 2000ದ ಮಾರ್ಚಿನಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಕಂಪನಿ ಏಷ್ಯಾಸ್ಟಾರ್ ಉಪಗ್ರಹ ಹಾರಿಸಿ ನೇರವಾಗಿ ರೇಡಿಯೋ ಬಿತ್ತರಿಸಿತು. ಅಂಗೈಯಗಲದ ಆಂಟೆನಾ ಸಾಕಿತ್ತು. 'ಸ್ಪರ್ಶ' ಎಂಬ ಕನ್ನಡ ವಾಹಿನಿಯೂ ಇತ್ತು. ಅದೇ ಪೆಟ್ಟಿಗೆಯಲ್ಲಿ ದೂರದ ಹಳ್ಳಿಗಳಿಗೆ ಹವೆಯ ಸುದ್ದಿ ಕಳಿಸುವ 'ರಾನೆಟ್' ಯೋಜನೆಯನ್ನು ಆಫ್ರಿಕದಲ್ಲಿ ನಡೆಸಿದರು. ಕೆಲಸ ಚೆನ್ನಾಗಿತ್ತು. ಆದರೆ ಕಂಪನಿ 2008ರಲ್ಲಿ ದಿವಾಳಿಯಾಯಿತು, 2009ರ ಕಡೆಗೆ ನಮ್ಮ ದೇಶದಲ್ಲಿ ಪ್ರಸಾರ ನಿಂತಿತು. ದುಡ್ಡು ಕೊಟ್ಟು ಕೊಂಡ ಪೆಟ್ಟಿಗೆಗಳು ಕಪಾಟಿನ ಮೇಲೆ ಕೂತವು. 1976ರ ಜುಲೈ ಕಡೆಯ ದಿನದ ಕಥೆಯೇ ಮತ್ತೆ. ಆದ್ದರಿಂದ ಯಾರಾದರೂ ಹವೆಯ ಸುದ್ದಿ ಹೇಳುವ ಹೊಸ ಪೆಟ್ಟಿಗೆ ಮಾರಲು ಬಂದರೆ ಅದರ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದರೊಳಗೆ ಮಾತಾಡುವವರು ಯಾರು, ಎಷ್ಟು ವರ್ಷ ಮಾತಾಡುತ್ತಾರೆ?

ಈಗಿನ ಏರ್ಪಾಡು ಹೇಗಿದೆ ಎಂದರೆ, ಮೋಡ ನೋಡುವ ಕೆಲಸಕ್ಕೆ 2016ರಲ್ಲಿ ಹಾರಿದ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಇವೆ. ನಮ್ಮ ರಾಜ್ಯದಲ್ಲಿ 1988ರಲ್ಲಿ ಬರಗಾಲ ನೋಡಿಕೊಳ್ಳಲೆಂದು ಆರಂಭವಾದ ಸಣ್ಣ ಘಟಕ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ತಾವೇ ಲೆಕ್ಕ ಕಳಿಸುತ್ತವೆ. ಅವರ ಸಹಾಯವಾಣಿ 'ವರುಣಮಿತ್ರ'ಕ್ಕೆ ಫೋನು ಮಾಡಿ ಊರಿನ ಹೆಸರು ಹೇಳಿದರೆ ಮಳೆಯ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಸಮುದ್ರದ ಮೇಲೆ ಟವರು ಇಲ್ಲವಲ್ಲ, ಅಲ್ಲಿಯ ಬೆಸ್ತರಿಗೆಂದು 2019ರಲ್ಲಿ 'ಜೆಮಿನಿ' ಎಂಬ ಸಣ್ಣ ಪೆಟ್ಟಿಗೆ ಬಂತು. ಅದು ಉಪಗ್ರಹದಿಂದ ಎಚ್ಚರಿಕೆ ಹಿಡಿದು ಕೈಯಲ್ಲಿನ ಫೋನಿಗೆ ಕೊಡುತ್ತದೆ. 2017ರ ಒಖಿ ಚಂಡಮಾರುತದಲ್ಲಿ ನಡುಗಡಲಲ್ಲಿದ್ದ ದೋಣಿಗಳಿಗೆ ಸುದ್ದಿ ಮುಟ್ಟದೆ ಹೋದದ್ದು ಕಲಿಸಿದ ಪಾಠ ಅದು.

ನೆಲದ ಮೇಲಿನ ನಮಗೆ 2023ರ ಅಕ್ಟೋಬರಿನಲ್ಲಿ ಒಂದು ಹೊಸತು ಬಂತು. ಒಂದು ದಿನ ಫೋನುಗಳೆಲ್ಲ ಒಮ್ಮೆಗೇ ಕಿರುಚಿದ್ದು ನೆನಪಿದೆಯೇ? ಎಷ್ಟೋ ಜನ ಹೆದರಿ ಫೋನು ಕೆಳಗಿಟ್ಟರು. ಅದು ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷೆ. ಮಾಮೂಲು ಎಸ್ಸೆಮ್ಮೆಸ್ಸು ಒಬ್ಬೊಬ್ಬರ ಹೆಸರಿಗೆ ಬರುವ ಕಾಗದವಿದ್ದಂತೆ, ವಿಳಾಸ ತಪ್ಪಿದರೆ ಹೋಯಿತು. ಇದು ಡಂಗುರವಿದ್ದಂತೆ. ಆ ಟವರಿನ ಸುತ್ತ ಇರುವ, ಈ ಅನುಕೂಲವಿರುವ ಫೋನುಗಳಿಗೆಲ್ಲ ಒಮ್ಮೆಗೇ ಕೇಳುತ್ತದೆ, ನಂಬರಿನ ಪಟ್ಟಿಯೇ ಬೇಡ. ನಮ್ಮ ಮುತ್ಯಾನ ಕಣದ ಹೆಸರು ಹಾಳಾದದ್ದು ಪಟ್ಟಿಯಿಂದ ತಾನೇ? ಆದರೆ ಹಳೆಯ ಬಟನ್ ಫೋನುಗಳಲ್ಲಿ ಕೆಲವಕ್ಕೆ ಈ ಕೂಗು ಕೇಳುವುದಿಲ್ಲ. ವಿದ್ಯುತ್ತು ಹೋಗಿ ಟವರಿನ ಬ್ಯಾಟರಿ ಇಳಿದರೆ ಯಾರಿಗೂ ಕೇಳುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿದಾಗ, ಮೇಲಿನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂಬ ಒಂದು ಮಾತಿಗಾಗಿ ನದಿದಂಡೆಯವರೆಲ್ಲ ಕಾದು ಕೂತಿದ್ದರು.

ಮನೆಯಲ್ಲಿ ಏನಿರಬೇಕು ಎಂದು ಕೇಳಿದರೆ ನಾನು ದುಬಾರಿಯದನ್ನು ಹೇಳುವುದಿಲ್ಲ. ಸೆಲ್ ಹಾಕುವ ಒಂದು ಸಣ್ಣ ರೇಡಿಯೋ ಇರಲಿ, ಅದಕ್ಕೆ ಹೊಸ ಸೆಲ್ಲು ಬೇರೆಯಾಗಿ ಡಬ್ಬಿಯಲ್ಲಿ ಇರಲಿ. ಟೀವಿ ಇದ್ದವರಿಗೆ ದೂರದರ್ಶನದ ಉಚಿತ ತಟ್ಟೆ ಇದೆ, 2004ರಿಂದ ನಡೆದು ಬಂದಿದೆ, ತಿಂಗಳ ಬಾಡಿಗೆಯಿಲ್ಲ. 1975ರ ಹತ್ತಡಿಯ ಜಾಲರಿಯ ಕೆಲಸವನ್ನು ಈಗ ಎರಡಡಿಯ ತಟ್ಟೆ ಮಾಡುತ್ತದೆ. ಫೋನಿನಲ್ಲಿ ಸಿಡಿಲಿಗೆ 'ದಾಮಿನಿ' ಹಾಕಿಸಿಕೊಳ್ಳಿ. ಸಿಡಿಲಿನ ಸುದ್ದಿ ಬರುವುದು ಉಪಗ್ರಹದಿಂದಲ್ಲ, ನೆಲದ ಮೇಲೆ ಅಲ್ಲಲ್ಲಿ ನೆಟ್ಟ ಯಂತ್ರಗಳಿಂದ, ಆದ್ದರಿಂದ ಸುತ್ತಲಿನ ಕೆಲವು ಹರದಾರಿಯಲ್ಲಿ ಎಲ್ಲಿ ಬೀಳುತ್ತಿದೆ ಎಂದು ಆಗಿಂದಾಗ್ಗೆ ತೋರಿಸುತ್ತದೆ. ತೋರಿಸಿದಾಗ ಬೇವಿನ ಗಿಡದ ಬುಡಕ್ಕೆ ಓಡಬೇಡಿ, ಕುರಿ ಕಾಯುವ ಹುಡುಗರಿಗೆ ಇದನ್ನು ಮರೆಯದೆ ಹೇಳಿ. ನಿಮ್ಮ ಫೋನು ನಂಬರು ಬದಲಾದರೆ ರೈತ ಸಂಪರ್ಕ ಕೇಂದ್ರಕ್ಕೆ ಬಂದು ಬರೆಸಿ. ಕಮಲಾಪುರದ ಕೆಂಪು ಬಾಳೆ ಬೆಳೆಯುವವರಿಗಂತೂ ಇದು ಒಂದು ಸಂಜೆಯ ಮಾತಲ್ಲ. ಒಂದೂವರೆ ವರ್ಷ ಸಾಕಿದ ಎತ್ತರದ ಗಿಡ ಗೊನೆ ಹೊತ್ತು ನಿಂತಾಗ, ಗಾಳಿಗೆ ಹಿಂದಿನ ದಿನ ಊರುಗೋಲು ಕೊಟ್ಟರೆ ಉಳಿಯುತ್ತದೆ.

ಮೊನ್ನೆ ಆ ಮುತ್ಯಾನ ಮನೆಗೆ ಮತ್ತೆ ಹೋಗಿದ್ದೆ. ನಂಬರು ತಿದ್ದಿಸಿ ಬಂದಿದ್ದೆನೆಂದು ಹೇಳಿದೆ. "ಆತು ಸಾಹೇಬ್ರ, ಆದ್ರ ನಾ ಏನ್ ಮಾಡೀನಿ ನೋಡ್ರಿ" ಎಂದು ಪಡಸಾಲೆಗೆ ಕರೆದರು. ಅಟ್ಟದ ಮೇಲಿದ್ದ ಹಳೆಯ ಟ್ರಾನ್ಸಿಸ್ಟರನ್ನು ಇಳಿಸಿ, ಕಲಬುರಗಿಗೆ ಒಯ್ದು ರಿಪೇರಿ ಮಾಡಿಸಿ, ಗೂಟಕ್ಕೆ ತೂಗುಹಾಕಿದ್ದರು. ಸಂಜೆಯ ಹವಾ ವರದಿ ಕೇಳಿ ಓಣಿಯ ನಾಲ್ಕು ಮನೆಗೆ ಹೇಳುವ ಕೆಲಸ ಮೊಮ್ಮಗಳದು. ಈ ವರ್ಷದ ತೊಗರಿ ರಾಶಿಗೆ ತಾಡಪತ್ರಿಯನ್ನೂ ಎರಡು ತಂದಿಟ್ಟಿದ್ದಾರೆ, ಒಂದು ತಮಗೆ, ಒಂದು ಪಕ್ಕದ ಕಣಕ್ಕೆ.